ಬಾಯಲ್ಲೇ ಉಳಿದ ಒಂದು 'ಉ'

ನಾನು ಓದಿದ್ದು ಉಮರ್ಗಾದ ಉರ್ದು ಶಾಲೆಯಲ್ಲಿ, ಎರಡನೆಯ ಇಯತ್ತೆಯ ಅರ್ಧದ ತನಕ. ಆಮೇಲೆ ನನ್ನ ಕೈಗೆ ಬಂದದ್ದು ನೊಗ, ಕುಂಟೆ, ಬಂಡಿಯ ಹಗ್ಗ. ಆದರೂ ಗ್ರೀಕರ ಹಳೆಯ ಭಾಷೆಯಲ್ಲಿ 'ಅನ್' ಎಂಬ ಒಂದು ಚೂರು ಶಬ್ದವಿದೆ. ಅದು ವಾಕ್ಯದಲ್ಲಿ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ, ಕೂತರೆ ಮಾತಿಗೆ ಏನಾಗುತ್ತದೆ ಎಂಬುದನ್ನು ಇವತ್ತಿಗೂ ಯಾರಾದರೂ ಕೇಳಿದರೆ ತಡವರಿಸದೆ ಹೇಳುತ್ತೇನೆ. ಮೆಟ್ರಿಕ್ ಮುಗಿಸಿದ ನನ್ನ ಅಳಿಯನಿಗೆ ಅದು ಗೊತ್ತಿಲ್ಲ. ಅವನು ನಗುತ್ತಾನೆ. ನಗಲಿ. ನನ್ನ ಮದುವೆ ಆಗುವುದೋ ಬಿಡುವುದೋ ಎಂಬುದು ಒಂದು ಮಧ್ಯಾಹ್ನವಿಡೀ ಆ ಚೂರು ಶಬ್ದಕ್ಕೆ ಜೋತುಬಿದ್ದಿತ್ತು. ಅವನ ಮದುವೆ ಹಾಗೆ ಜೋತುಬಿದ್ದಿದ್ದರೆ ಅವನಿಗೂ ನೆನಪಿರುತ್ತಿತ್ತು.

ಮೊದಲು ಶಾಲೆ ಬಿಟ್ಟ ಸಂಗತಿ ಹೇಳಬೇಕು. ಅದು ನಿಜಾಮ ಸರಕಾರದ ಕಾಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ದಾಳಿಂಬದ ನಮ್ಮ ಮನೆಯಿಂದ ಉಮರ್ಗಾ ಮುಟ್ಟುವಷ್ಟರಲ್ಲಿ ನಾಲಗೆ ಮೂರು ಸಲ ಮಗ್ಗುಲು ಬದಲಿಸಬೇಕಿತ್ತು. ಒಂದು ದಿನ ಮಾಸ್ತರರು ನಾಳೆ ಎಲ್ಲರೂ ತಖ್ತಿ ತರಬೇಕು ಅಂದರು. ತಖ್ತಿ ಎಂದರೆ ಬರೆಯುವ ಪುಟ್ಟ ಹಲಗೆ. ನನಗೆ ಕೇಳಿಸಿದ್ದು ತಖ್ತಾ. ತಖ್ತಾ ಎಂದರೆ ದೊಡ್ಡ ಹಲಗೆ, ಬಾಗಿಲಿಗೆ ಹಾಕುವಂಥದ್ದು. ಪಕ್ಕದವನನ್ನು ಕೇಳಬಹುದಿತ್ತು. ಆದರೆ ಒಂದು ಸಲ ಕಿವಿಗೆ ಬಿದ್ದ ಮಾತನ್ನು ಇನ್ನೊಂದು ಸಲ ಕೇಳುವುದು ನನ್ನಿಂದಾಗದು. ನಮ್ಮಪ್ಪನಿಂದಲೂ ಆಗುತ್ತಿರಲಿಲ್ಲ, ನಮ್ಮ ಮನೆತನದಲ್ಲಿ ಅದನ್ನು ಕಿವುಡರ ಕೆಲಸ ಎಂದು ತಿಳಿದಿದ್ದರು. ಮರುದಿನ ಕೊಟ್ಟಿಗೆಯ ಬಾಗಿಲನ್ನು ಕಿತ್ತು ತಲೆಯ ಮೇಲೆ ಹೊತ್ತುಕೊಂಡು ಶಾಲೆಗೆ ಹೋದೆ.

ಬಾಗಿಲು ಶಾಲೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಮಾಸ್ತರರು ಹೊರಗೆ ಬಂದು ಅದನ್ನು ನೋಡಿದರು, ನನ್ನನ್ನು ನೋಡಿದರು, ಅಗಳಿಯನ್ನು ಮುಟ್ಟಿ ನೋಡಿದರು. ಇಡೀ ಶಾಲೆ ನಕ್ಕಿತು. ನಾನು ಬಾಗಿಲನ್ನು ಮತ್ತೆ ತಲೆಗೇರಿಸಿಕೊಂಡು ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಆಗಲೇ ಗೊತ್ತಾಗಬೇಕಿತ್ತು, ಮಾತಿನ ಕೊನೆಯ ಸ್ವರ ನನಗೆ ಆಗಿಬರುವುದಿಲ್ಲವೆಂದು.

ಶಾಲೆ ಬಿಟ್ಟಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಇಪ್ಪತ್ತೆರಡರ ವಯಸ್ಸಿಗೆ ನನ್ನ ಹೊಲದ ಸಾಲು ಹಗ್ಗ ಹಿಡಿದಷ್ಟು ನೇರವಾಗಿರುತ್ತಿತ್ತು. ಬಿತ್ತನೆ, ರಾಶಿ ಮುಗಿದ ದಿನಗಳಲ್ಲಿ ಬಂಡಿ ಹೂಡಿ ಸೊಲ್ಲಾಪುರದಿಂದ ಉದಗೀರದ ತನಕ ಸಾಮಾನು ಸಾಗಿಸುತ್ತಿದ್ದೆ. ನನ್ನ ಬಂಡಿಯಲ್ಲಿ ಬಂದ ಗಡಿಗೆ ಒಡೆದದ್ದಿಲ್ಲ. ಇಷ್ಟೆಲ್ಲ ಇದ್ದವನಿಗೆ ಇನ್ನೂ ಮದುವೆಯಾಗಿರಲಿಲ್ಲ, ಏಕೆಂದರೆ ನನಗೆ ಒಬ್ಬಳೇ ಬೇಕಾಗಿದ್ದಳು.

ಆಕೆ ತುರೋರಿಯ ಒಕ್ಕಲಿನ ಮನೆಯವಳು. ನಾನು ಆಕೆಯನ್ನು ನೋಡಿದ್ದು ಉಮರ್ಗಾದ ಸಂತೆಯಲ್ಲಿ, ಒಂದೇ ಸಲ. ಬಳೆಗಾರನ ಮುಂದೆ ಕೈಚಾಚಿ ಕೂತಿದ್ದಳು. ಅವನು ಏನೋ ಅಂದ. "ಏನಂದಿ? ತಿರುಗಿ ಅನ್ನು" ಅಂದಳು. ಅವನು ತಿರುಗಿ ಅಂದ. "ಈಗ ಬ್ಯಾರೆ ಅಂದಿ. ಮೊದಲ್ನೇದು ಅನ್ನು" ಅಂದಳು. ಹೀಗೆ ಅವನಿಂದ ಒಂದೇ ಮಾತನ್ನು ನಾಲ್ಕು ಸಲ ಆಡಿಸಿ, ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ, ಆಮೇಲೆ ಬಳೆ ಇಡಿಸಿಕೊಂಡಳು. ನನಗೆ ಆಗದ ಕೆಲಸವನ್ನು ಆಕೆ ಬಳೆ ಇಡಿಸಿಕೊಳ್ಳುವಷ್ಟು ಸಲೀಸಾಗಿ ಮಾಡುತ್ತಿದ್ದಳು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ನಮ್ಮ ಮನೆಯ ಅಯ್ಯನವರಿಗೆ ಹೇಳಿದಳು. ನಮಗೂ ತುರೋರಿಯವರಿಗೂ ಅವರೇ ಗುರುಗಳು, ತುರೋರಿಯ ಮಠದಲ್ಲಿ ಇರುವವರು. ಅವರು ಹುಡುಗಿಯ ಅಪ್ಪನ ಹತ್ತಿರ ಮಾತು ತೆಗೆಯುತ್ತೇನೆ, ಜವಾಬು ಬಂದ ಕೂಡಲೇ ನೀನೆಲ್ಲಿದ್ದರೂ ಬಂದು ಮುಟ್ಟಿಸುತ್ತೇನೆ ಅಂದರು.

ಜವಾಬು ಬರುವ ಮುಂಚೆ ಪಾದ್ರಿ ಸಾಹೇಬರ ಬಾಡಿಗೆ ಬಂತು.

ಅವರು ದೂರದೇಶದವರು. ಉದಗೀರದಲ್ಲಿ ಮನೆ ಹಿಡಿದು, ತಮ್ಮ ಧರ್ಮದ ಪುಸ್ತಕವನ್ನು ಮೂಲ ಗ್ರೀಕ್‌ನಿಂದ ನಮ್ಮ ಸೀಮೆಯ ಕನ್ನಡಕ್ಕೆ ತರಬೇಕೆಂದು ಹೊರಟಿದ್ದರು. ಅವರ ಆರು ಪೆಟ್ಟಿಗೆಗಳನ್ನು ನಾನು ಸೊಲ್ಲಾಪುರದಲ್ಲಿ ಹೇರಿಕೊಂಡೆ. ಉದಗೀರಕ್ಕೆ ಆಗ ರೈಲು ಇರಲಿಲ್ಲ. ಅವರ ಕನ್ನಡ ಪುಸ್ತಕದಿಂದ ಎದ್ದು ಬಂದದ್ದು. ಎತ್ತಿಗೂ ಬಹುವಚನ ಹಚ್ಚುತ್ತಿದ್ದರು.

ನಿಜಾಮರ ಗಡಿಯ ಸುಂಕದ ನಾಕಾದಲ್ಲಿ ಮುನ್ಷಿ ಪೆಟ್ಟಿಗೆಗಳಿಗೆ ಕೋಲಿನಿಂದ ಕುಟ್ಟಿ, "ಇದರಾಗ ಏನದ?" ಅಂತ ಕೇಳಿದ.

"ಯೂನಾನಿ ಪುಸ್ತಕಗಳು" ಅಂದರು ಸಾಹೇಬರು.

ಗ್ರೀಕರಿಗೆ ಉರ್ದುವಿನಲ್ಲಿ ಯೂನಾನಿ ಎನ್ನುತ್ತಾರೆಂಬುದು ಸಾಹೇಬರಿಗೆ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಹಕೀಮರು ಕೊಡುವ ಔಷಧಕ್ಕೆ ಯೂನಾನಿ ಎನ್ನುತ್ತಾರೆಂಬುದು ಗೊತ್ತಿರಲಿಲ್ಲ. ಮುನ್ಷಿಯ ಮುಖ ಅರಳಿತು. ಕೋಲನ್ನು ಗೋಡೆಗೆ ಆನಿಸಿ, ತೋಳು ಮೇಲೇರಿಸಿ, ಮುಂಗೈಯನ್ನು ಸಾಹೇಬರ ಮುಂದೆ ಚಾಚಿದ. ಇದು ಇಲ್ಲಿನ ಪದ್ಧತಿಯಿರಬೇಕೆಂದು ಸಾಹೇಬರು ಅದನ್ನು ಗೌರವದಿಂದ ಹಿಡಿದುಕೊಂಡು ನಿಂತರು.

"ರಾತ್ರಿ ಉಂಡದ್ದು ಅರಗಂಗಿಲ್ಲ ಹಕೀಂ ಸಾಬ್" ಅಂದ ಮುನ್ಷಿ.

"ನನಗೂ" ಅಂದರು ಸಾಹೇಬರು.

ಮುನ್ಷಿ ತೃಪ್ತಿಯಿಂದ ತಲೆಯಾಡಿಸಿ, ಆರು ಪೆಟ್ಟಿಗೆಗಳನ್ನೂ ಔಷಧಿ ಎಂದು ಬರೆದುಕೊಂಡು ಬಿಟ್ಟ. ಸುದ್ದಿ ನನ್ನ ಎತ್ತುಗಳಿಗಿಂತ ಜೋರಾಗಿ ನಡೆಯಿತು. ಯೆಣೆಗೂರ ಮುಟ್ಟುವಷ್ಟರಲ್ಲಿ ದಾರಿಯ ಬದಿಗೆ ಮೂವರು ಬಾಟಲಿ ಹಿಡಿದು ನಿಂತಿದ್ದರು.

ಉಮರ್ಗಾ ದಾಟಿ ನಿಲಂಗಾದ ದಾರಿ ಹಿಡಿದ ಮೇಲೆ ಒಂದು ಬಾವಿಯ ಹತ್ತಿರ ಎತ್ತು ಬಿಟ್ಟೆವು. ನಾನು ಗಾಲಿಗೆ ಎಣ್ಣೆ ಹಾಕುತ್ತಿದ್ದೆ. ಸಾಹೇಬರು ಮಡಿಲಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತು ನಿಟ್ಟುಸಿರು ಬಿಟ್ಟರು.

"ಹನ್ನೆರಡು ವರ್ಷದಿಂದ ಒಂದು ಚಿಕ್ಕ ಶಬ್ದವನ್ನು ಹುಡುಕುತ್ತಿದ್ದೇನೆ."

"ಕಳಕೊಂಡೀರೇನ್ರಿ?"

"ಇಲ್ಲ. ಈ ಪುಸ್ತಕದಲ್ಲಿದೆ. ನಿಮ್ಮ ಮಾತಿನಲ್ಲಿ ಅದು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ."

"ಯಾವ ಶಬ್ದ್ರಿ?"

"ಅನ್."

"ಏನನ್ಲಿ?"

"ಅನ್."

"ಅಂತೀನ್ರಿ ಸಾಹೇಬ್ರ. ಏನ್ ಅನ್ಬೇಕು ಅದನ್ನ ಹೇಳ್ರಿ."

"ನೀವು ಅನ್ನಬೇಕಾಗಿಲ್ಲ. ಅನ್!"

"ಅನ್ನಬ್ಯಾಡ ಅಂತೀರಿ, ಅನ್ ಅಂತೀರಿ. ಎತ್ತಿಗೆ ಒಮ್ಮೆಲೇ ಎಡಕ್ಕೂ ಬಲಕ್ಕೂ ಎಳದ್ರ ಅದು ಎಲ್ಲಿಗೆ ಹೋಗ್ಬೇಕ್ರಿ?"

ಓದುವವರು ನಾನಿಲ್ಲಿ ಎರಡು ಮೂರು ಸಲ ಕೇಳಿದೆನೆಂದು ಎಣಿಸಬಾರದು. ನಾನು ಕೇಳಿದ್ದು ಒಂದೇ ಸಲ. ಅವರು ಜವಾಬು ಕೊಡದೆ ಇದ್ದದ್ದು ಮೂರು ಸಲ.

ಕೊನೆಗೆ ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಎರಡು ಅಕ್ಷರಗಳ ಮೇಲೆ ಬೆರಳಿಟ್ಟರು. ಅದು ಗ್ರೀಕರ ಶಬ್ದ. ಅದಕ್ಕೆ ತನ್ನದೇ ಆದ ಅರ್ಥವಿಲ್ಲ. ಒಂಟಿಯಾಗಿ ನಿಲ್ಲುವುದಿಲ್ಲ. ವಾಕ್ಯದ ಮೊದಲಿಗಂತೂ ಬರುವುದೇ ಇಲ್ಲ. ಬೇರೆ ಶಬ್ದವೊಂದು ಮುಂದೆ ಹೋದ ಮೇಲೆ ಅದರ ಬೆನ್ನಿಗೆ ಬಂದು ಕೂಡುತ್ತದೆ. ಆದರೆ ಕೂತಿತೆಂದರೆ, 'ಬಂದ' ಎಂಬ ಮಾತು 'ಬರುತ್ತಿದ್ದ, ಆದರೆ ಬರಲಿಲ್ಲ' ಎಂದಾಗುತ್ತದೆ. 'ಬರಲಿ' ಎಂಬ ಹಾರೈಕೆ 'ಬರಬಹುದು' ಎಂಬ ಅಂದಾಜಾಗುತ್ತದೆ.

"ತಿಳೀತ್ರಿ" ಅಂದೆ. "ಗಾಲಿಗೆ ಕಡೆಗೀಲು ಇದ್ಧಂಗ. ಭಾರ ಹೊರಂಗಿಲ್ಲ, ಆದ್ರ ಅದು ಬೇಕೇ ಬೇಕು."

"ತಿರುವುಮುರುವು ಹೇಳಿದಿರಿ. ಕಡೆಗೀಲು ಹಾಕಿದರೆ ಗಾಲಿ ಬಿಗಿಯಾಗುತ್ತದೆ. ಅನ್ ಹಾಕಿದರೆ ಮಾತು ಸಡಿಲವಾಗುತ್ತದೆ."

"ಹಂಗಿದ್ರ ಅದನ್ಯಾಕ ಹಾಕ್ತಾರ್ರಿ? ನಡುದಾರ್ಯಾಗ ಗಾಲಿ ಕಳಚಿ ಬಿದ್ದೀತು!"

ಸಾಹೇಬರು ಎದ್ದು ನಿಂತರು. ಪುಸ್ತಕ ನೆಲಕ್ಕೆ ಬಿತ್ತು.

"ಏನಂದಿರಿ?"

"ಗಾಲಿ ಬಿದ್ದೀತು ಅಂದೆ."

"ಬಿದ್ದಿದೆಯೇ?"

"ಎಲ್ಲಿ ಬಿದ್ದದ್ರಿ? ಇಲ್ಲೇ ಅದಲ್ಲ. ಬಿದ್ದದ ಅಂದಿಲ್ಲ, ಬಿದ್ದೀತು ಅಂದೀನಿ. ಬಿದ್ರೂ ಬಿದ್ದೀತು, ಇಲ್ದಿದ್ರ ಇಲ್ಲ."

"ಒಬ್ಬ ಮನುಷ್ಯ ಬಂದಿದ್ದಾನೆ ಎನ್ನಲು ಏನನ್ನುತ್ತೀರಿ?"

"ಬಂದಾನ."

"ಬರಬಹುದು ಎನ್ನಲು?"

"ಬಂದಾನು."

ಸಾಹೇಬರು ನನ್ನ ಬಾಯಿಯ ಹತ್ತಿರ ಕಿವಿ ತಂದರು. ಇನ್ನೊಂದು ಸಲ ಹೇಳೆಂದರು. ಹೇಳಿದೆ, ಬಾಡಿಗೆ ಕೊಟ್ಟವರು ಎಂದು. ಬಂದಾನ, ಬಂದಾನು. ಒಪ್ಯಾರ, ಒಪ್ಯಾರು. ಮೊದಲನೆಯದು ಮುಗಿದು ಹೋದ ಕೆಲಸ. ಎರಡನೆಯದು ಆದರೂ ಆದೀತು ಎಂಬುದು. ನಡುವೆ ಇರುವುದು ಒಂದು 'ಉ', ತುಟಿಯನ್ನು ಚೂರು ಮುಂದೆ ಮಾಡಿ ಬಿಡುವಷ್ಟು. ಅವರು ಬಾವಿಯ ಸುತ್ತ ಎರಡು ಸುತ್ತು ಕುಣಿದರು. ನನ್ನ ಎಡಗಡೆಯ ಎತ್ತು ಬೆದರಿ ಹಗ್ಗ ಕಿತ್ತುಕೊಂಡಿತು. ಹನ್ನೆರಡು ವರ್ಷ ಹುಡುಕಿದ್ದು ನಮ್ಮ ಸೀಮೆಯ ಮಾತಿನ ತುದಿಯಲ್ಲಿ ಸಿಕ್ಕಿತೆಂದು ಹೇಳುತ್ತ ಎತ್ತನ್ನು ಹಿಡಿಯಲು ನನ್ನ ಜೊತೆ ಓಡಿದರು.

ಉದಗೀರ ಮುಟ್ಟಿದ ಮೇಲೆ ಅವರು ನನ್ನನ್ನು ಬಿಡಲಿಲ್ಲ. ಹೊಲದಲ್ಲಿ ಕೆಲಸವಿರಲಿಲ್ಲ, ಎತ್ತುಗಳಿಗೂ ವಿಶ್ರಾಂತಿ ಬೇಕಿತ್ತು. ಎಂಟು ದಿನ ಇದ್ದೆ. ಬೆಳಿಗ್ಗೆ ಹೊಸದಾಗಿ ಸುಣ್ಣ ಬಳಿದ ಗೋಡೆಯ ಪಕ್ಕ ಅವರ ಕಟ್ಟೆಯ ಮೇಲೆ ರುಮಾಲು ಸುತ್ತಿಕೊಂಡು ಕೂಡುತ್ತಿದ್ದೆ. ಅವರು ಕೇಳುವುದು, ನಾನು ಹೇಳುವುದು, ಅವರು ಬರೆಯುವುದು. ಶಾಲೆಯಿಂದ ಬಾಗಿಲು ಹೊತ್ತು ಬಂದವನ ಬಾಯಿಂದ ಬಿದ್ದದ್ದನ್ನು ಅಷ್ಟು ಓದಿದವರು ಮಸಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಎಂಟು ದಿನ ನಾನು ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದೆನೆಂದು ಆಮೇಲೆ ಯಾರೋ ಹೇಳಿದರು. ನಿಜವಿದ್ದೀತು.

ಅಲ್ಲಿ ಒಂದು ಮಾತನ್ನು ಸಾಹೇಬರು ಮೇಲಿಂದ ಮೇಲೆ ಹೇಳಿದರು, ಅದು ಮುಂದೆ ನನ್ನ ಕೆಲಸಕ್ಕೆ ಬಂತು. 'ಅನ್' ಇರುವ ಮಾತಿನ ಹಿಂದೆ ಹೆಚ್ಚಾಗಿ ಒಂದು 'ರೆ' ಇರುತ್ತದೆ. ಮಳೆ ಬಂದರೆ ಬೆಳೆದೀತು. ಕರೆದರೆ ಬಂದಾನು. ಎಷ್ಟೋ ಸಲ ಆ 'ರೆ' ಕಾಣುವುದಿಲ್ಲ. ಹೇಳಿದವನ ಮನಸ್ಸಿನಲ್ಲಿ ಉಳಿದಿರುತ್ತದೆ. ಕಾಣದಿದ್ದರೆ ಹುಡುಕಬೇಕು.

ಕಟ್ಟೆಯ ಕೆಳಗೆ ಮಾತ್ರ ಬೇರೆಯೇ ನಡೆದಿತ್ತು. ಹೊಸ ಯೂನಾನಿ ಹಕೀಮರು ಬಂದಿದ್ದಾರೆಂದು ಜನ ಬಾಟಲಿ, ಕರಡಿಗೆ ಹಿಡಿದು ಕೂಡುತ್ತಿದ್ದರು. ಸಾಹೇಬರು ತಮ್ಮ ಕನ್ನಡದಲ್ಲಿ, ಇದು ಔಷಧವಲ್ಲ, ಇದೊಂದು ಚಿಕ್ಕ ವಸ್ತು, ಇದಕ್ಕೆ ತನ್ನದೇ ರುಚಿಯಿಲ್ಲ, ಬೇರೆಯದರ ಜೊತೆ ಸೇರಿದಾಗ ಅದರ ಗುಣ ಬದಲಿಸುತ್ತದೆ ಎಂದು ತಿಳಿಸಿ ಹೇಳುತ್ತಿದ್ದರು.

"ಹಾಲಿನ್ಯಾಗೋ ಜೇನಿನ್ಯಾಗೋ?" ಅಂತ ಒಬ್ಬ ಮುದುಕ ಕೇಳಿದ.

"ವಾಕ್ಯದಲ್ಲಿ" ಅಂದರು ಸಾಹೇಬರು.

ಮುದುಕ ಮನೆಗೆ ಹೋಗಿ ಉದಗೀರದ ಎಲ್ಲ ಅಂಗಡಿಗಳಲ್ಲಿ ವಾಕ್ಯ ಸಿಗುತ್ತದೆಯೇ ಎಂದು ವಿಚಾರಿಸಿದನಂತೆ.

ಎಂಟನೆಯ ದಿನ ಅಯ್ಯನವರು ತಮ್ಮ ತಟ್ಟು ಕುದುರೆಯ ಮೇಲೆ ಬಂದರು. ಶಿಷ್ಯರ ಮನೆಗಳಿಗೆ ಹೊರಟವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬಾಯಿ ತುಂಬ ಎಲೆಯಡಿಕೆ. ಅವರಿಗೆ ಎಲೆಯಡಿಕೆ ಇಲ್ಲದ ಹೊತ್ತಿಲ್ಲ. ರಸವನ್ನು ಹಿಡಿದುಕೊಂಡು, ಗದ್ದ ಮೇಲೆತ್ತಿ, ಆಕಾಶದೊಡನೆ ಮಾತಾಡುವವರಂತೆ ಮಾತಾಡುತ್ತಿದ್ದರು. ಕಟ್ಟೆ ಹತ್ತಿ ನಿಂತು ಹೇಳಿದರು:

"ತುರೋರಿಯವರು ಒಪ್ಯಾರ್..."

ಅಲ್ಲಿಗೆ ಬಾಯಿ ಮುಚ್ಚಿದರು. ತಟ್ಟಿನ ಕಡೆ ತಿರುಗಿ ನಡೆದೇಬಿಟ್ಟರು.

ಸಾಹೇಬರು ಲೇಖಣಿ ಹಿಡಿದೇ ಇದ್ದರು. "ಕೊನೆಯಲ್ಲಿ ಏನಿತ್ತು? 'ರ' ಇತ್ತೇ, 'ರು' ಇತ್ತೇ? ನನಗೆ ಕೇಳಲಿಲ್ಲ. ಅವರನ್ನು ಕೇಳಿರಿ, ದಯವಿಟ್ಟು ಕೇಳಿರಿ!"

"ನನಗ ಕೇಳಿಸೇದ್ರಿ. ಒಪ್ಯಾರ ಅಂದ್ರು."

"ಖಂಡಿತವೇ? ಎಂಟು ದಿನದಿಂದ ನಾವು ಇದನ್ನೇ..."

"ಸಾಹೇಬ್ರ, ನಾ ಒಂದು ಮಾತು ಎರಡು ಸಲ ಕೇಳಂವಲ್ಲ. ಅದೂ ಅಯ್ನೋರಿಗೆ? ಬ್ಯಾಡ್ರಿ."

ತಟ್ಟು ಬೀದಿಯ ತಿರುವಿನಲ್ಲಿ ಮರೆಯಾಯಿತು. ಕೂಗಿದ್ದರೆ ಕೇಳುತ್ತಿತ್ತು. ಇದೇ ನೋಡಿ, 'ಅನ್' ಹಾಕಬೇಕಾದ ವಾಕ್ಯ.

ದಾಳಿಂಬಕ್ಕೆ ಬಂದು ಸುದ್ದಿ ಹೇಳಿದೆ. ನಮ್ಮ ಕಡೆ ಹೆಣ್ಣಿನವರು ಒಪ್ಪಿದ ಮೇಲೆ ಗಂಡಿನವರು ಸೀರೆ, ತೆಂಗಿನಕಾಯಿ, ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ಹೋಗಿ ಅವರ ಅಂಗಳದಲ್ಲಿ ಊರವರಿಗೆ ಸಕ್ಕರೆ ಹಂಚಬೇಕು. ಹಂಚಿದರೆ ಮಾತು ಗಟ್ಟಿ. ಹಂಚದೆ ಸಕ್ಕರೆ ತಿರುಗಿ ಬಂತೆಂದರೆ ಆ ಗಂಡಿಗೆ ಸುತ್ತಿನ ಯಾವ ಊರಿನವರೂ ಹೆಣ್ಣು ತೋರಿಸುವುದಿಲ್ಲ. ಅವ್ವ ಸಕ್ಕರೆ ಕಟ್ಟುತ್ತ ಕೈ ನಿಲ್ಲಿಸಿ, "ಖರೇನೇ ಒಪ್ಯಾರೇನೋ ತಮ್ಮಾ? ಇನ್ನೊಂದು ಸಲ ಕೇಳಬೇಕಿತ್ತು" ಅಂದಳು.

"ಅಯ್ನೋರು ಹೇಳ್ಯಾರ ಯವ್ವಾ. ಕಟ್ಟು ನೀ."

ಎರಡು ಬಂಡಿ, ಇಪ್ಪತ್ತೆರಡು ಜನ, ಮುಂದೆ ಹಲಗೆ ಬಾರಿಸುವವರು ಇಬ್ಬರು. ಉದಗೀರದಿಂದ ನನ್ನ ಬಂಡಿಯಲ್ಲೇ ಬಂದಿದ್ದ ಪಾದ್ರಿ ಸಾಹೇಬರೂ ಜೊತೆಗೆ ಹೊರಟರು. ಬೀಗರ ಮಾತಿನಲ್ಲಿ 'ಉ'ಗಳು ಬಹಳ ಇರುತ್ತವೆಂದು ನಾನೇ ಅವರಿಗೆ ಹೇಳಿದ್ದೆ. ತುರೋರಿ ಮುಟ್ಟಿದಾಗ ಬಿಸಿಲು ಏರಿತ್ತು. ಹುಡುಗಿಯ ಅಪ್ಪ ಮಾಳಿಗೆಯ ಮೇಲೆ ಇದ್ದರು. ಮಳೆಗಾಲಕ್ಕೆ ಮುಂಚೆ ಸೋರುವ ಜಾಗಕ್ಕೆ ಬಿಳಿಮಣ್ಣು ಮೆತ್ತುತ್ತಿದ್ದರು. ಮೊಣಕೈವರೆಗೆ ಮಣ್ಣು. ಹಲಗೆಯ ಸದ್ದು ಕೇಳಿ ಅಂಚಿಗೆ ಬಂದು ಬಗ್ಗಿ ನೋಡಿದರು.

"ಯಾರು ಹೋದ್ರೋ?"

ನಮ್ಮ ಕಡೆ ಹೆಣದ ಮುಂದೂ ಹಲಗೆ ಬಾರಿಸುತ್ತಾರೆ.

"ಯಾರೂ ಹೋಗಿಲ್ರಿ ಮಾಮಾ. ನಾವು ಬಂದೀವಿ" ಅಂದೆ.

"ನೀವ್ಯಾಕ ಬಂದೀರಿ?"

"ಸಕ್ರಿ ಹಂಚಾಕ."

"ಯಾರಿಗೆ?"

ಇಪ್ಪತ್ತೆರಡು ಜನ ನನ್ನ ಮುಖ ನೋಡಿದರು. ಅವರು ಏಣಿ ಇಳಿದು ಬಂದರು. ಮಣ್ಣಿನ ಕೈಯನ್ನು ದೂರ ಹಿಡಿದುಕೊಂಡು ನಿಂತು, "ನೋಡಪ್ಪಾ, ನಾವಿನ್ನೂ ಒಪ್ಪಿಲ್ಲ" ಅಂದರು.

"ಒಪ್ಯಾರ ಅಂತ ಅಯ್ನೋರು ಹೇಳ್ಯಾರಲ್ರಿ!"

"ಒಪ್ಯಾರು ಅಂತ ಹೇಳಿರ್ತಾರ. ನಾ ಅಯ್ನೋರ ಮುಂದ ಅಂದದ್ದು ಒಪ್ಪೇವು ಅಂತ. ಒಪ್ಪೀವಿ ಅಂತ ಅಂದಿಲ್ಲ."

"ಅವರು 'ರ' ಅಂದ್ರು."

"ಅವರು 'ರು' ಅಂದಾರು."

"ನೀವು ಅಲ್ಲಿ ಇದ್ರೇನ್ರಿ?"

"ನೀ ಇಲ್ಲಿ ಇದ್ದೇನು?"

ನಮ್ಮ ಕಡೆಯವರು 'ರ' ಅಂದರು, ಅಂಗಳಕ್ಕೆ ಬಂದು ಸೇರಿದ ತುರೋರಿಯವರು 'ರು' ಅಂದರು. ಎರಡು ಸಾಲು ನಿಂತು, ರ, ರು, ರ, ರು ಎಂದು ಹೊಲದಲ್ಲಿ ಹಕ್ಕಿ ಓಡಿಸುವವರಂತೆ ಕೂಗತೊಡಗಿದರು. ಮರಾಠಿಯ ಮನೆಯವರೊಬ್ಬರು ಇದು ಯಾವ ಆಟವೆಂದು ಕೇಳಿ, ತಿಳಿಯದಿದ್ದರೂ ತಮ್ಮ ಊರೆಂದು 'ರು' ಕಡೆ ನಿಂತರು. ಯಾರೋ ಹೋಗಿ ಮಠದಿಂದ ಅಯ್ಯನವರನ್ನು ಕರೆತಂದರು. ಹಿಂದಿನ ದಿನವಷ್ಟೇ ಅವರು ತಿರುಗಿ ಬಂದಿದ್ದರು. ಬಾಯಲ್ಲಿ ಎಲೆಯಡಿಕೆ ಇತ್ತು.

"ಅಯ್ನೋರ, ಉದಗೀರದಾಗ ನೀವು ಅಂದದ್ದು 'ರ'ನೋ 'ರು'ನೋ?"

ಅವರು ಗದ್ದ ಮೇಲೆತ್ತಿದರು. "'ರು'ನ."

"ಮತ್ತ ನನಗ 'ರು' ಕೇಳಿಸ್ಲಿಲ್ಲಲ್ರಿ!"

"ಅದು ಬಾಯಾಗೇ ಇತ್ತಪ್ಪ. ಹೊರಗ ಬಿಡಬೇಕಂದ್ರ ತುಟಿ ಮುಂದ ಮಾಡಬೇಕು. ತುಟಿ ಮುಂದ ಮಾಡಿದ್ರ ರಸ ಹಾರತದ. ಆ ಸಾಹೇಬ್ರ ಗ್ವಾಡಿಗೆ ಹೊಸಾ ಸುಣ್ಣ ಬಳದಿದ್ರು. ಚಂದ ಕಾಣಸ್ತಿತ್ತು. ಒಂದು 'ಉ' ಸಲುವಾಗಿ ಅದನ್ಯಾಕ ಕೆಡಸ್ಲಿ ಅಂತ ನುಂಗಿಬಿಟ್ಟೆ. ನೀ ತಿರುಗಿ ಕೇಳತಿ ಅನ್ಕೊಂಡೆ. ಅಂಗಳಕ್ಕೆ ಇಳಿದು ಉಗುಳಿ ಹೇಳೋನಿದ್ದೆ. ನೀ ಕೇಳಲೇ ಇಲ್ಲ."

ಅಂಗಳದವರೆಲ್ಲ ನನ್ನ ಕಡೆ ತಿರುಗಿದರು. ಸಾಹೇಬರು ಮಾತ್ರ ಕಣ್ಣು ಒದ್ದೆ ಮಾಡಿಕೊಂಡು ಅಯ್ಯನವರ ಎರಡೂ ಕೈ ಹಿಡಿದು, ತಮ್ಮ ಗೋಡೆಗಾಗಿ ಉಪಕಾರ ಸ್ಮರಿಸಿದರು.

ನನ್ನ ಸ್ಥಿತಿ ನೋಡಿ. ಹಿಂದೆ ಅವ್ವ ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಳೆ. ಬಂಡಿಯಲ್ಲಿ ಸಕ್ಕರೆ. ಎತ್ತು ತಿರುಗಿಸಿದರೆ ಸಂಜೆಯೊಳಗೆ ದಾಳಿಂಬ, ಉಮರ್ಗಾ ಎಲ್ಲ ಕಡೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳಗೆಲ್ಲೋ ಆಕೆ ಇದ್ದಾಳೆ. ಇದೆಲ್ಲ ಆಕೆಗೆ ಕೇಳಿಸುತ್ತಿದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಒಂದೇ ಸಮನೆ, ನಮ್ಮ ಜಗಳಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಆಗ ಸಾಹೇಬರು ಒರಳುಕಲ್ಲಿನ ಮೇಲೆ ಹತ್ತಿ ನಿಂತರು.

"ಸಜ್ಜನರೇ! ಯೂನಾನಿ ಭಾಷೆಯಲ್ಲಿ ಅನ್ ಎಂಬುದೊಂದಿದೆ."

"ಏನನ್ಬೇಕ್ರಿ?" ಅಂತ ತುರೋರಿಯವರು ಕೇಳಿದರು.

"ಅನ್ನಬ್ಯಾಡ್ರಿ, ಸುಮ್ನ ಕೇಳ್ರಿ" ಅಂದೆ. ಆ ದಾರಿ ನಾನು ಒಮ್ಮೆ ಹೋಗಿ ಬಂದವನು.

ಯೂನಾನಿ ಎಂದದ್ದೇ ತಡ, ಹು‌ಡುಗಿಯ ಮನೆಯ ಒಬ್ಬ ಮುದುಕಿ ಮುಂದೆ ಬಂದು, "ಮೊಣಕಾಲಿಗೆ ಒಂದು ಚಿಟಿಕಿ ಕೊಡ್ರೆಪ್ಪಾ" ಅಂತ ಸೆರಗು ಒಡ್ಡಿದಳು. ಸಾಹೇಬರು ಆಕೆಗೆ ನಮಸ್ಕಾರ ಮಾಡಿ ಮುಂದುವರಿಸಿದರು. 'ಅನ್' ಇದ್ದಲ್ಲಿ ಒಂದು 'ರೆ' ಇರಲೇಬೇಕು. 'ಒಪ್ಪೇವು' ಎಂದರೆ ಒಪ್ಪಿಲ್ಲ ಎಂದಲ್ಲ. ಏನೋ ಒಂದು ಆದರೆ ಒಪ್ಪುತ್ತೇವೆ ಎಂದು. ಆ 'ಏನೋ ಒಂದು' ಯಜಮಾನರ ಮನಸ್ಸಿನಲ್ಲಿ ಉಳಿದಿದೆ. "ಯಜಮಾನರೇ, ನಿಮ್ಮ 'ರೆ' ಎಲ್ಲಿ?"

ಹುಡುಗಿಯ ಅಪ್ಪ ತಬ್ಬಿಬ್ಬಾಗಿ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಬಿಳಿಮಣ್ಣು ಅಂಗಿಗೆ ಹತ್ತಿತು. ಆಮೇಲೆ ತಿಳಿಯಿತು.

"ಹೌದ್ರಿ, ಇತ್ತು. ನಾ ಅಯ್ನೋರ ಮುಂದ ಪೂರಾ ಹೇಳಿದ್ದೆ. ಹುಡುಗಿ ಒಪ್ಪಿದ್ರ ನಾವು ಒಪ್ಪೇವು ಅಂತ."

"ಅದು ಭಾಳ ಉದ್ದ ಇತ್ತು" ಅಂದರು ಅಯ್ಯನವರು ಆಕಾಶಕ್ಕೆ. "ಬಾಯಾಗ ಜಾಗ ಇರಲಿಲ್ಲ."

ಎಲ್ಲರೂ ಒಮ್ಮೆಲೇ ಅಡುಗೆಮನೆಯ ಕಡೆ ತಿರುಗಿದರು. ರೊಟ್ಟಿ ಬಡಿಯುವ ಸದ್ದು ನಿಂತಿತು. ಆಕೆ ಬಾಗಿಲಿಗೆ ಬಂದಳು, ಕೈತುಂಬ ಜೋಳದ ಹಿಟ್ಟು. ಸಂತೆಯಲ್ಲಿ ಇಡಿಸಿಕೊಂಡ ಬಳೆಗಳೇ ಇರಬೇಕು, ಹಿಟ್ಟು ಹತ್ತಿ ಬೆಳ್ಳಗಾಗಿದ್ದವು.

"ನಿನ್ನನ್ನ ಇಲ್ಲೀತನಕ ಯಾರೂ ಕೇಳಿಲ್ಲವ್ವಾ" ಅಂದರು ಅಪ್ಪ, ತಮ್ಮಷ್ಟಕ್ಕೆ ಆಶ್ಚರ್ಯಪಡುತ್ತ. "ನೀ ಏನಂತಿ?"

ಆಕೆ ಅಪ್ಪನನ್ನು ನೋಡಿ ಹೇಳಿದಳು, ಆದರೆ ಹೇಳಿದ್ದು ನನಗೆ. "ಒಂದು ಮಾತು ಎರಡು ಸಲ ಕೇಳಾಕ ನಾಚಂಗಿಲ್ಲ ಅಂದ್ರ, ಒಪ್ಪೇನು."

ತುರೋರಿಯವರು ನಕ್ಕರು. ನಮ್ಮವರೂ ನಕ್ಕರು. ಶಾಲೆಯ ಮುಂದೆ ಬಾಗಿಲು ಹೊತ್ತು ನಿಂತಾಗ ಕೇಳಿದ ನಗೆಯೇ ಅದು. ನನ್ನ ಕುತ್ತಿಗೆಯ ಮೇಲೆ ಆ ತೂಕ ಮತ್ತೆ ಕೂತಿತು. ಅವತ್ತಿನಂತೆ ತಿರುಗಿ ಹೊರಟುಬಿಡುವುದು ಸುಲಭವಿತ್ತು. ಎತ್ತಿನ ಹಗ್ಗ ಕೈಯಲ್ಲೇ ಇತ್ತು. ಸಾಹೇಬರು ಒರಳಿನ ಮೇಲಿಂದ ಮೆಲ್ಲಗೆ, "ಕೇಳಿರಿ, ದಯವಿಟ್ಟು ಕೇಳಿರಿ" ಅನ್ನುತ್ತಿದ್ದರು.

ಹಗ್ಗ ಬಿಟ್ಟೆ. ಗಂಟಲು ಸರಿಮಾಡಿಕೊಂಡೆ.

"ಈಗ ಏನಂದಿ? ಒಪ್ಪೇನು ಅಂದ್ಯೋ, ಒಪ್ಪೀನಿ ಅಂದ್ಯೋ?"

ನನ್ನ ಜೀವಮಾನದ ಮೊದಲನೆಯ ಮರುಪ್ರಶ್ನೆ. ಆಕೆ ನನ್ನನ್ನು ನೇರ ನೋಡಿದಳು. ಬಾಯಿ ತೆರೆದು, "ಒಪ್ಪ್..." ಅಂದಳು. ಅಷ್ಟರಲ್ಲಿ ಹಲಗೆಯವರಿಬ್ಬರೂ, ಅಷ್ಟು ಹೊತ್ತಿನಿಂದ ಕೈ ತುರಿಸುತ್ತ ನಿಂತವರು, ತುಟಿ ಅಲ್ಲಾಡಿದ್ದೇ ಕಂಡು ಧಡಧಡ ಬಾರಿಸಿಬಿಟ್ಟರು. ಕೊನೆಯ ಭಾಗ ಹಲಗೆಯ ಕೆಳಗೆ ಹೋಯಿತು.

"ನಿಲ್ಲಸ್ರೋ!" ಅಂತ ಅಂಗಳ ಬಿರಿಯುವಂತೆ ಕೂಗಿದೆ. ಹಲಗೆ ನಿಂತಿತು. "ಏನಂದಿ? ತಿರುಗಿ ಅನ್ನು!"

"ಎರಡು ಸಲ ಕೇಳ್ದ" ಅಂತ ಆಕೆ ಅಪ್ಪನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಪ್ರತಿ ಅಕ್ಷರವನ್ನೂ ರೊಟ್ಟಿಯಂತೆ ಬಿಡಿಸಿಟ್ಟು ಹೇಳಿದಳು, "ಒಪ್ಪೀನಿ." ಹೇಳಿದವಳು ಒಲೆಯ ಮೇಲೆ ರೊಟ್ಟಿ ಹೊತ್ತುತ್ತದೆಂದು ಒಳಗೆ ಓಡಿದಳು.

ಆದರೂ ಅಪ್ಪನವರಿಗೆ ಈ ಸಲ ಯಾವ ಅನುಮಾನವೂ ಬೇಡವಾಗಿತ್ತು. ಬಂದ ಸುದ್ದಿ ಅಯ್ಯನವರ ಬಾಯಿಂದಲೇ ಹೋಗಲಿ, ಆದರೆ ಪೂರಾ ಹೋಗಲಿ ಅಂದರು. ಅಯ್ಯನವರು ಬೇಲಿಯ ತನಕ ನಡೆದು ಹೋಗಿ ಉಗುಳಿದರು. ಅವ್ವ ಚೊಂಬಿನಲ್ಲಿ ನೀರು ಕೊಟ್ಟಳು. ಎರಡು ಸಲ ಬಾಯಿ ಮುಕ್ಕಳಿಸಿ, ಅಂಗಳದ ನಡುವೆ ಬಂದು ನಿಂತು, ಗದ್ದ ಕೆಳಗಿಳಿಸಿ, ನಾನು ಹುಟ್ಟಿದಾಗಿನಿಂದ ಮೊದಲ ಸಲ ನಮ್ಮ ಮುಖ ನೋಡಿ ಮಾತಾಡಿದರು.

"ಒಪ್ಯಾರ" ಅಂದರು.

ಸಾಹೇಬರು ಒರಳಿನಿಂದ ಇಳಿದು ಹತ್ತಿರ ಬಂದರು. ಅಯ್ಯನವರು ಅವರಿಗಾಗಿ ಬಾಯಿಯನ್ನು ಅಗಲ ತೆರೆದು, ನಾಲಗೆ ಎತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದರು. ಒಳಗೆ ಏನೂ ಉಳಿದಿರಲಿಲ್ಲ. ಅವ್ವ ಸಕ್ಕರೆಯ ಪೊಟ್ಟಣ ಬಿಚ್ಚಿದಳು.